68 ಸರಿಯೋ, 50 ಸರಿಯೋ? ನವೆಂಬರ್ 1ರ ಹಿಂದಿನ ಕತೆ

2023ರ ನವೆಂಬರ್ 1ರ ಬೆಳಿಗ್ಗೆ. ಚಾಮರಾಜಪೇಟೆಯ ಒಂದು ಆಟೋ ಸ್ಟ್ಯಾಂಡ್. ಕಂಬದಿಂದ ಕಂಬಕ್ಕೆ ಹಳದಿ ಕೆಂಪು ಬಾವುಟಗಳ ದಾರ ಕಟ್ಟಿದ್ದರು. ಕುರ್ಚಿಯ ಮೇಲೆ ಭುವನೇಶ್ವರಿಯ ಫೋಟೊ, ಅದಕ್ಕೆ ಚೆಂಡುಹೂವಿನ ಹಾರ. ಪಕ್ಕದ ಮೇಜಿನ ಮೇಲೆ ದೊಡ್ಡ ಪಾತ್ರೆಯಲ್ಲಿ ಕೇಸರಿಬಾತ್. ಹೋಗಿಬರುವವರಿಗೆಲ್ಲ ದೊನ್ನೆಯಲ್ಲಿ ಹಾಕಿ ಕೊಡುತ್ತಿದ್ದರು.

ರಸ್ತೆಯ ಈ ಬದಿಯಲ್ಲಿ ಒಂದು ಬ್ಯಾನರ್: 68ನೇ ಕನ್ನಡ ರಾಜ್ಯೋತ್ಸವ. ಆ ಬದಿಯಲ್ಲಿ ಇನ್ನೊಂದು: ಕರ್ನಾಟಕಕ್ಕೆ 50ರ ಸಂಭ್ರಮ. ದೊನ್ನೆ ಹಿಡಿದು ನಿಂತಿದ್ದ ಹತ್ತು ವರ್ಷದ ಹುಡುಗಿಯೊಬ್ಬಳು ಎರಡನ್ನೂ ಓದಿ ಡ್ರೈವರ್ ಒಬ್ಬರನ್ನು ಕೇಳಿದಳು. "ಅಂಕಲ್, ಇದ್ರಲ್ಲಿ ಯಾವ್ದು ಸರಿ?"

"ಎರಡೂ ಸರಿ ಪುಟ್ಟಿ" ಎಂದರು ಅವರು. ಅಷ್ಟರಲ್ಲಿ ಮೆಜೆಸ್ಟಿಕ್‌ಗೆ ಹೋಗುವವರು ಬಂದರು. ಮೀಟರ್ ಹಾಕಿ ಹೊರಟೇ ಬಿಟ್ಟರು.

ಅವರು ಹೇಳಿದ್ದು ನಿಜ. ಆದರೆ ಆ ಹುಡುಗಿಗೆ ಉತ್ತರ ಅರ್ಧವೇ ಸಿಕ್ಕಿತು. ಉಳಿದ ಅರ್ಧ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಆಮೇಲೆ ಮತ್ತು 1818ರಲ್ಲಿ ಪೇಶ್ವೆಗಳು ಸೋತ ಮೇಲೆ ಕನ್ನಡ ಮಾತಾಡುವ ನೆಲ ಯಾರ್‍ಯಾರದೋ ಪಾಲಾಯಿತು. ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈ ಪ್ರಾಂತಕ್ಕೆ. ಮಂಗಳೂರು, ಬಳ್ಳಾರಿ, ಕೊಳ್ಳೇಗಾಲ ಮದ್ರಾಸಿಗೆ. ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದಿನ ನಿಜಾಮನ ಕೈಯಲ್ಲಿ. ಕೊಡಗು ಬೇರೆಯೇ. ನಡುವೆ ಒಡೆಯರ ಮೈಸೂರು. ಧಾರವಾಡದವನಿಗೆ ಮರಾಠಿ ಶಾಲೆ, ಕಲಬುರಗಿಯವನಿಗೆ ಉರ್ದು ಕಚೇರಿ. ಮನೆಯಲ್ಲಿ ಮಾತ್ರ ಎಲ್ಲರಿಗೂ ಕನ್ನಡ.

ಇದು ತಪ್ಪು ಎಂದು ಮೊದಲು ಗಟ್ಟಿಯಾಗಿ ಹೇಳಿದ ನೆಲ ಧಾರವಾಡ. 1890ರ ಜುಲೈ 20ರಂದು ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಲೂರು ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ' ಬರೆದು, ನಾವೆಲ್ಲ ಒಂದು ಕಾಲಕ್ಕೆ ಒಂದೇ ಆಗಿದ್ದೆವು ಎಂದು ಜನಕ್ಕೆ ನೆನಪು ಮಾಡಿದರು. ಬೆಂಗಳೂರಿನಲ್ಲಿ 1915ರ ಮೇ 5ರಂದು ಸಾಹಿತ್ಯ ಪರಿಷತ್ತು ಶುರುವಾಯಿತು. ಮೇಲೆ ಹೇಳಿದ ಆಟೋ ಸ್ಟ್ಯಾಂಡಿನಿಂದ ಪಂಪ ಮಹಾಕವಿ ರಸ್ತೆಯ ಪರಿಷತ್ತಿನ ಕಟ್ಟಡಕ್ಕೆ ನಡೆದೇ ಹೋಗಬಹುದು.

ಇಲ್ಲೊಂದು ಮಾತು ಹೇಳಲೇಬೇಕು, ಕತೆ ಸ್ವಲ್ಪ ಪಕ್ಕಕ್ಕೆ ಹೋದರೂ ಪರವಾಗಿಲ್ಲ. ಆಲೂರರು ಹುಟ್ಟಿದ್ದು 1880ರ ಜುಲೈಯಲ್ಲಿ. ಅದೇ ವರ್ಷ ನವೆಂಬರ್ 1ರಂದು ಬರ್ಲಿನ್‌ನಲ್ಲಿ ಆಲ್‌ಫ್ರೆಡ್ ವೆಗೆನರ್ ಹುಟ್ಟಿದ. ಇವತ್ತು ದೂರದೂರ ಇರುವ ಖಂಡಗಳೆಲ್ಲ ಒಂದು ಕಾಲಕ್ಕೆ ಒಂದೇ ನೆಲವಾಗಿದ್ದವು, ಆಮೇಲೆ ಸರಿದು ಬೇರೆಯಾದವು ಎಂದು ಹೇಳಿದವನು ಅವನೇ. ಅವನ ಪುಸ್ತಕ ಬಂದಿದ್ದೂ 1915ರಲ್ಲಿ. ಆ ಕಾಲದ ದೊಡ್ಡ ವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲೇ ಅವನು ತೀರಿಕೊಂಡ. ಅವನ ಮಾತು ಸರಿ ಎಂದು ಲೋಕ ಒಪ್ಪಿದ್ದು 1960ರ ದಶಕದಲ್ಲಿ. ಬೆಂಗಳೂರಿನವರು ವೆಗೆನರ್‌ನನ್ನು ನೆನೆಯಬೇಕೆಂದರೆ ಲಾಲ್‌ಬಾಗಿಗೆ ಹೋದರೆ ಸಾಕು. ಕೆಂಪೇಗೌಡ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ನಮ್ಮ ದಕ್ಷಿಣದ ನೆಲ ಆಫ್ರಿಕಾ, ಅಂಟಾರ್ಕ್ಟಿಕಾಗಳಿಗೆ ಅಂಟಿಕೊಂಡಿದ್ದ ಕಾಲವನ್ನೂ, ಬಿಟ್ಟುಬಂದ ಕಾಲವನ್ನೂ ಆ ಬಂಡೆ ಕಂಡಿದೆ. ವೆಗೆನರ್‌ಗೂ ಕನ್ನಡಕ್ಕೂ ಏನೂ ಸಂಬಂಧವಿಲ್ಲ, ಗೊತ್ತು. ಆದರೂ ಚೂರುಚೂರಾದ ನಕ್ಷೆ ನೋಡಿ 'ಇದು ಒಂದೇ ಇತ್ತು' ಎಂದವರು ಇಬ್ಬರೂ. ನನಗೆ ಇಬ್ಬರನ್ನೂ ಒಟ್ಟಿಗೆ ನೆನೆಯುವುದು ಇಷ್ಟ.

ಮತ್ತೆ ನಮ್ಮ ಕತೆಗೆ ಬರೋಣ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರು. ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಹಾಡನ್ನು ಹಾಡಿದ್ದು ಅಲ್ಲೇ. ಸ್ವಾತಂತ್ರ್ಯ ಬಂದ ಮೇಲಾದರೂ ನಾಡು ಒಂದಾಗುತ್ತದೆ ಎಂದು ಜನ ಕಾದರು. ಆಗಲಿಲ್ಲ. 1952ರ ಡಿಸೆಂಬರ್‌ನಲ್ಲಿ ಆಂಧ್ರಕ್ಕಾಗಿ ಉಪವಾಸ ಕೂತ ಪೊಟ್ಟಿ ಶ್ರೀರಾಮುಲು ಪ್ರಾಣ ಬಿಟ್ಟರು. ಮುಂದಿನ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆಯಿತು. ಅದೇ ದಿನ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು. ಇತ್ತ ಹುಬ್ಬಳ್ಳಿ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರೂ ಕನ್ನಡ ನಾಡು ಒಂದಾಗಲಿ ಎಂದು ಉಪವಾಸ ಕೂತಿದ್ದರು.

ಕೇಂದ್ರ ಸರ್ಕಾರ 1953ರ ಕೊನೆಗೆ ರಾಜ್ಯ ಪುನರ್ವಿಂಗಡಣಾ ಆಯೋಗ ಮಾಡಿತು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್, ಈ ಮೂವರು. 1955ರ ಸೆಪ್ಟೆಂಬರ್ 30ಕ್ಕೆ ವರದಿ ಬಂತು. ಕನ್ನಡದವರ ರಾಜ್ಯ ಆಗಲಿ ಎಂದರು. ಅದನ್ನು ಕರ್ನಾಟಕ ಎಂದೇ ಕರೆದರು. ಆದರೆ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಆಂಧ್ರಕ್ಕೆ ಹೋಗಲಿ ಎಂದೂ ಬರೆದಿದ್ದರು. ಕೊನೆಗೆ ಹಾಗಾಗಲಿಲ್ಲ. ಬಳ್ಳಾರಿ ನಮ್ಮಲ್ಲೇ ಉಳಿಯಿತು.

ಮೈಸೂರಿನಲ್ಲಿ ಎಲ್ಲರಿಗೂ ಇದು ಬೇಕಿತ್ತು ಎಂದೇನಿಲ್ಲ. ಹಳೇ ಮೈಸೂರಿನಲ್ಲಿ ಕರೆಂಟು, ಕಾಲೇಜು, ಕಾರ್ಖಾನೆ ಎಲ್ಲ ಬೇಗ ಬಂದಿದ್ದವು. ಹಿಂದುಳಿದ ಜಿಲ್ಲೆಗಳು ಸೇರಿದರೆ ನಮ್ಮ ಪಾಲು ಕರಗುತ್ತದೆ ಎಂಬ ಭಯ ಹಲವರಿಗಿತ್ತು. ಆ ಭಯದ ನಡುವೆಯೂ ಏಕೀಕರಣದ ಪರ ನಿಂತವರು ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ. ಅದೇ ಹೊತ್ತಿಗೆ ಅವರು ವಿಧಾನಸೌಧವನ್ನೂ ಕಟ್ಟಿಸುತ್ತಿದ್ದರು. ಇಡೀ ಕನ್ನಡ ನಾಡಿಗೆ ಬೇಕಾಗುವಷ್ಟು ದೊಡ್ಡ ಮನೆ ಅದು. ಆದರೆ ನಾಡು ಒಂದಾಗುವ ಹೊತ್ತಿಗೆ ಅವರು ಕುರ್ಚಿಯಲ್ಲಿರಲಿಲ್ಲ. 1956ರ ಆಗಸ್ಟ್‌ನಲ್ಲಿ ಕಡಿದಾಳ್ ಮಂಜಪ್ಪ ಬಂದರು. ನವೆಂಬರ್ 1ಕ್ಕೆ ಎಸ್. ನಿಜಲಿಂಗಪ್ಪ ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಹಿಂದಿನ ದಿನದವರೆಗೆ ರಾಜಪ್ರಮುಖರಾಗಿದ್ದ (ಹಳೆಯ ಸಂಸ್ಥಾನದ ರಾಜ್ಯಗಳಲ್ಲಿ ರಾಜ್ಯಪಾಲರ ಜಾಗದ ಹುದ್ದೆ ಅದು) ಜಯಚಾಮರಾಜ ಒಡೆಯರ್ ಅವತ್ತಿನಿಂದ ರಾಜ್ಯಪಾಲರು.

ಹಾಗಾದರೆ ನವೆಂಬರ್ 1ನ್ನೇ ಯಾಕೆ ಹಿಡಿದರು? ಹಬ್ಬವೂ ಅಲ್ಲ, ಯಾರ ಜಯಂತಿಯೂ ಅಲ್ಲ. ಪುನರ್ವಿಂಗಡಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದು 1956ರ ಆಗಸ್ಟ್ 31ಕ್ಕೆ. 'ನಿಗದಿತ ದಿನ ಎಂದರೆ 1956ರ ನವೆಂಬರ್ 1' ಎಂದು ಆ ಕಾಯಿದೆಯಲ್ಲಿ ಒಂದು ಸಾಲು ಇದೆ. ನಮ್ಮ ರಾಜ್ಯೋತ್ಸವ ಹುಟ್ಟಿದ್ದು ಆ ಸಾಲಿನಿಂದ. ಖಜಾನೆ ಲೆಕ್ಕ, ಸಂಬಳ, ಕಡತ ಎಲ್ಲ ಒಬ್ಬರಿಂದ ಒಬ್ಬರಿಗೆ ಹೋಗಬೇಕಾದರೆ ತಿಂಗಳ ಮೊದಲ ತಾರೀಖೇ ಅನುಕೂಲ. ಅದಕ್ಕೇ ಈ ದಿನ ನಮ್ಮದೊಂದೇ ಅಲ್ಲ. ಕೇರಳ ಹುಟ್ಟಿದ್ದೂ ಅವತ್ತೇ, ತೆಲಂಗಾಣದ ಜಿಲ್ಲೆಗಳನ್ನು ಸೇರಿಸಿಕೊಂಡು ಆಂಧ್ರಪ್ರದೇಶ ಆಗಿದ್ದೂ ಅವತ್ತೇ. ಹತ್ತು ವರ್ಷದ ಮೇಲೆ, 1966ರಲ್ಲಿ, ಹರಿಯಾಣವೂ ಅದೇ ತಾರೀಖಿಗೆ. 2000ದಲ್ಲಿ ಛತ್ತೀಸ್‌ಗಢವೂ. ಬೆಂಗಳೂರಿನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಅವತ್ತು ಮೂರು ನಾಲ್ಕು ರಾಜ್ಯಗಳ ಹುಟ್ಟುಹಬ್ಬ ಇರುತ್ತದೆ, ಅಲ್ವಾ!

ಇನ್ನೂ ಹಿಂದೆ ಹೋದರೆ 1858ರ ನವೆಂಬರ್ 1 ಸಿಗುತ್ತದೆ. ಕಂಪನಿ ಸರ್ಕಾರ ಮುಗಿಯಿತು, ಇನ್ನು ಮುಂದೆ ನಾನೇ ಆಳುತ್ತೇನೆ ಎಂಬ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಅಲಹಾಬಾದಿನಲ್ಲಿ ಓದಿದ್ದು ಅವತ್ತು. ಆ ರಾಣಿಯ ಪ್ರತಿಮೆ ಈಗಲೂ ಕಬ್ಬನ್ ಪಾರ್ಕಿನ ಮೂಲೆಯಲ್ಲಿದೆ.

1956ರ ಆ ಸಂತೋಷದಲ್ಲಿ ನೋವೂ ಇತ್ತು. ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಬಂತು, ಆದರೆ ಎರಡು ತುಂಡು ಬಿಟ್ಟು. ಒಂದು ಕಾಸರಗೋಡು ತಾಲ್ಲೂಕು. ಅದು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನಾದರೂ ಮೈಸೂರಿಗೆ ಕೊಡಬೇಕು ಎಂದು 1967ರಲ್ಲಿ ಗಡಿ ತಕರಾರು ನೋಡಲು ಮಾಡಿದ್ದ ಮಹಾಜನ್ ಆಯೋಗ ಹೇಳಿತು. ಅದು ಹಾಗೇ ಉಳಿಯಿತು. ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡು ಕನ್ನಡ ನಾಡಿಗೆ ಸೇರಬೇಕೆಂದು ಬದುಕಿಡೀ ಹೋರಾಡಿ, ನೂರು ತುಂಬಿ 2015ರಲ್ಲಿ ತೀರಿಕೊಂಡರು. ಆ ಆಸೆ ಈಡೇರಲಿಲ್ಲ.

ಇನ್ನೊಂದು ತುಂಡು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅದು ಅಮೀನ್‌ದೀವಿ ದ್ವೀಪಗಳು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ. ಟಿಪ್ಪುವಿನ ಕಾಲದಲ್ಲಿ ಇವು ಮೈಸೂರಿನವು. 1799ರ ನಂತರ ಕಂಪನಿಯ ಕೈಗೆ ಹೋಗಿ, ಮಂಗಳೂರಿನಿಂದ ಆಳುವ ಜಿಲ್ಲೆಯ ಭಾಗವಾದವು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಆ ದ್ವೀಪದವರಿಗೆ ಜಿಲ್ಲಾ ಕಚೇರಿ ಎಂದರೆ ಮಂಗಳೂರೇ. 1956ರ ನವೆಂಬರ್ 1ಕ್ಕೆ ಅವು ನಮ್ಮಿಂದ ಬೇರೆಯಾಗಿ, ಲಕ್ಕದೀವ್, ಮಿನಿಕಾಯ್ ಜೊತೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಆ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂದಿದ್ದು ಯಾವತ್ತು ಗೊತ್ತಾ? 1973ರ ನವೆಂಬರ್ 1. ನಮಗೆ ಕರ್ನಾಟಕ ಎಂಬ ಹೆಸರು ಬಂದ ದಿನವೇ. ಬೇರೆಯಾದ ದಿನವೂ ಒಂದೇ, ಹೆಸರು ಬಂದ ದಿನವೂ ಒಂದೇ. ಮಂಗಳೂರಿನ ಹಳೇ ಬಂದರಿನಿಂದ ಇವತ್ತಿಗೂ ಆ ದ್ವೀಪಗಳಿಗೆ ಸಾಮಾನು ತುಂಬಿದ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು, ಹೋಗುತ್ತವೆ.

ಈಗ 50ರ ಲೆಕ್ಕ. 1956ರಲ್ಲಿ ನೆಲ ಒಂದಾಯಿತು, ಹೆಸರು ಮಾತ್ರ ಮೈಸೂರು ರಾಜ್ಯ ಎಂದೇ ಉಳಿಯಿತು. ಧಾರವಾಡ, ಕಲಬುರಗಿಯವರಿಗೆ ಇದು ಮನಸ್ಸಿಗೆ ಹಿಡಿಸಲಿಲ್ಲ. ನಾವು ಒಂದಾಗಲು ಹೊರಟಿದ್ದು ಕರ್ನಾಟಕವಾಗಲು, ಮೈಸೂರಿಗೆ ಸೇರಿಕೊಳ್ಳಲು ಅಲ್ಲ ಎಂಬ ನೋವು. ಹಳೇ ಮೈಸೂರಿನವರಿಗೆ ಆ ಹೆಸರಿನ ಮೇಲೆ ಮಮತೆ. ಎರಡೂ ಅರ್ಥವಾಗುವಂಥದ್ದೇ. ಆದರೆ ನ್ಯಾಯ ಧಾರವಾಡದ ಕಡೆಗಿತ್ತು ಎಂದೇ ನಾನು ಹೇಳುತ್ತೇನೆ. 1969ರಲ್ಲಿ ಮದ್ರಾಸ್ ರಾಜ್ಯ ತಮಿಳುನಾಡು ಆಯಿತು. ನಮ್ಮಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1972ರ ಜುಲೈಯಲ್ಲಿ ವಿಧಾನಸಭೆ ನಿರ್ಣಯ ಮಾಡಿತು. ಸಂಸತ್ತು ಕಾಯಿದೆ ಮಾಡಿತು. 1973ರಲ್ಲಿ ಜಾರಿಗೆ ಬರುವ ದಿನಕ್ಕೆ ಹುಡುಕಾಟವೇ ಬೇಕಿರಲಿಲ್ಲ. 1956ರ ನವೆಂಬರ್ 1 ಗುರುವಾರ. 1973ರ ನವೆಂಬರ್ 1 ಕೂಡ ಗುರುವಾರ.

ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ಎರಡು ಅಂಕಪಟ್ಟಿಗಳಿವೆ. ಒಂದು ಅಪ್ಪನದು, ಎಸ್ಸೆಸ್ಸೆಲ್ಸಿ, 1972. ಮೇಲೆ ಮೈಸೂರು ರಾಜ್ಯ ಎಂದಿದೆ. ಇನ್ನೊಂದು ಚಿಕ್ಕಪ್ಪನದು, 1974. ಅದರಲ್ಲಿ ಕರ್ನಾಟಕ. ಶಾಲೆ ಒಂದೇ, ಹೆಡ್‌ಮಾಸ್ಟರ ಸಹಿಯೂ ಒಂದೇ. ಕಾಗದದ ಮಡಿಕೆಗಳು ಸವೆದು ಈಗ ಹಿಡಿದರೆ ಹರಿಯುವಂತಿವೆ. ಎರಡು ವರ್ಷದ ಅಂತರದಲ್ಲಿ ಅಣ್ಣ ಒಂದು ರಾಜ್ಯದಲ್ಲಿ ಪಾಸಾದ, ತಮ್ಮ ಇನ್ನೊಂದರಲ್ಲಿ. ಬೆಂಗಳೂರಿನ ರಸ್ತೆಯಲ್ಲೂ ಹಳೆಯ ಹೆಸರಿನ ಗುರುತು ಉಳಿದಿದೆ. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಸರ್ಕಲ್ ಮಾತ್ರ ಇಂದಿಗೂ ಮೈಸೂರು ಬ್ಯಾಂಕ್ ಸರ್ಕಲ್ಲೇ.

ಹೆಸರು ಬದಲಾದ ಆ ಗುರುವಾರವೇ ಮಂಗಳೂರಿನಲ್ಲಿ ಒಂದು ಮಗು ಹುಟ್ಟಿತು. ಐಶ್ವರ್ಯಾ ರೈ. ಹಿಂದಿನ ದಿನ ಹುಟ್ಟಿದ್ದರೆ ಮೈಸೂರು ರಾಜ್ಯದ ಮಗಳು. ಸರಿಯಾಗಿ ಒಂದು ವರ್ಷಕ್ಕೆ, 1974ರ ನವೆಂಬರ್ 1ರಂದು, ಹೈದರಾಬಾದಿನಲ್ಲಿ ವಿ.ವಿ.ಎಸ್. ಲಕ್ಷ್ಮಣ್. 2001ರಲ್ಲಿ ಕೋಲ್ಕತ್ತದಲ್ಲಿ ನಮ್ಮ ರಾಹುಲ್ ದ್ರಾವಿಡ್ ಜೊತೆ ಇಡೀ ದಿನ ಔಟಾಗದೆ ಆಡಿದ ಆಟವನ್ನು ಯಾರು ಮರೆತಾರು? ಲಕ್ಷ್ಮಣ್ 281, ದ್ರಾವಿಡ್ 180. ಇವರು ಈ ದಿನ ಹುಟ್ಟಿದ್ದು ಕಾಕತಾಳೀಯ. ಆದರೆ ಕರ್ನಾಟಕದ ಹೆಸರು ಈ ದಿನ ಬಂದಿದ್ದು ಹಾಗಲ್ಲ. 1956ರಲ್ಲಿ ಸರ್ಕಾರದ ಲೆಕ್ಕಕ್ಕೆ ಸಿಕ್ಕ ತಾರೀಖನ್ನು ಜನ ಹದಿನೇಳು ವರ್ಷ ಬಾವುಟ ಕಟ್ಟಿ, ಹಾಡು ಹಾಡಿ ತಮ್ಮದು ಮಾಡಿಕೊಂಡಿದ್ದರು. ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ಹಳದಿ ಕೆಂಪು ಬಾವುಟ ಕೊಟ್ಟಿದ್ದು ಇದೇ ನಡುವಿನ ವರ್ಷಗಳಲ್ಲಿ. ಅದಕ್ಕೇ 1973ರಲ್ಲಿ ಬೇರೆ ದಿನ ಯಾರ ಮನಸ್ಸಿಗೂ ಬರುವಂತಿರಲಿಲ್ಲ.

ಆಲೂರು ವೆಂಕಟರಾಯರು ಆ ಹೆಸರನ್ನು ನೋಡಲಿಲ್ಲ. 1964ರ ಫೆಬ್ರುವರಿಯಲ್ಲೇ ತೀರಿಕೊಂಡಿದ್ದರು. ಕರ್ನಾಟಕ ಎಂಬ ಮಾತನ್ನು ಊರೂರಿಗೆ ಹೊತ್ತ ಮನುಷ್ಯ ಕಣ್ಮುಚ್ಚಿದ್ದು ಮೈಸೂರು ರಾಜ್ಯದಲ್ಲಿ. ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಅಂಥದ್ದೇ ಇನ್ನೊಂದು 2014ರಲ್ಲಿ. ಬ್ಯಾಂಗಲೋರ್ ಅನ್ನುವುದನ್ನು ಬಿಟ್ಟು ಬೆಂಗಳೂರು ಎಂದೇ ಎಲ್ಲರೂ ಬರೆಯಲಿ ಎಂದು ಸಲಹೆ ಕೊಟ್ಟವರು ಯು.ಆರ್. ಅನಂತಮೂರ್ತಿ. 2005ರ ಡಿಸೆಂಬರ್‌ನಲ್ಲಿ ಧರ್ಮಸಿಂಗ್ ಸರ್ಕಾರ ಒಪ್ಪಿತು. ರಾಜ್ಯಕ್ಕೆ ಐವತ್ತು ತುಂಬುವ ಹೊತ್ತು ಅದು. ಕೇಂದ್ರದ ಒಪ್ಪಿಗೆ ಬರಲು ಸುಮಾರು ಒಂಬತ್ತು ವರ್ಷ ಹಿಡಿಯಿತು. 2014ರ ನವೆಂಬರ್ 1ಕ್ಕೆ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಸೇರಿ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ನಾವು ಕರೆಯುವ ಹಾಗೇ ಆಯಿತು. ಅನಂತಮೂರ್ತಿಯವರು ಅದೇ ಆಗಸ್ಟ್ 22ಕ್ಕೆ ತೀರಿಕೊಂಡಿದ್ದರು. ಎಪ್ಪತ್ತೊಂದು ದಿನದ ಅಂತರ.

ಕನ್ನಡದವರ ಬಾಯಲ್ಲಿ ಏನೂ ಬದಲಾಗಲಿಲ್ಲ. ನಮ್ಮಜ್ಜಿ ಸಾಯುವವರೆಗೂ 'ಬೆಂಗ್ಳೂರು' ಎಂದೇ ಅಂದವರು. ಬದಲಾಗಿದ್ದು ಹೊರಗಿನವರ ನಾಲಿಗೆ. ಮೊನ್ನೆ ನಮ್ಮ ಬೀದಿಗೆ ಬರುವ ಕೊರಿಯರ್ ಹುಡುಗ, ಬಿಹಾರದವನು, ಫೋನಿನಲ್ಲಿ ಮನೆಯವರಿಗೆ ಹೇಳುತ್ತಿದ್ದ. ಉದ್ದನೆಯ ಹಿಂದಿ ಮಾತಿನ ನಡುವೆ 'ಬೆಂಗಳೂರು' ಎಂದು ಸ್ಪಷ್ಟವಾಗಿ ಕೇಳಿಸಿತು.

ಆ ಹುಡುಗಿಯ ಲೆಕ್ಕ ಈಗ ಮಾಡಬಹುದು. 1956ರದ್ದನ್ನೇ ಮೊದಲನೆಯದು ಎಂದು ಎಣಿಸಿದರೆ ಅವತ್ತಿಗೆ ನಾಡು ಒಂದಾಗಿದ್ದಕ್ಕೆ 68ನೇ ಹಬ್ಬ, ಹೆಸರಿಗೆ 50 ವರ್ಷ, ಇಂಗ್ಲಿಷಿನ ಬೆಂಗಳೂರಿಗೆ ಒಂಬತ್ತು ವರ್ಷ. ಅವಳು ಅದೇ ಬೀದಿಯವಳೇ ಇರಬೇಕು, ದೊನ್ನೆ ಹಿಡಿದು ಹವಾಯಿ ಚಪ್ಪಲಿಯಲ್ಲೇ ಬಂದಿದ್ದಳು. ಈ ಸಲ ನವೆಂಬರ್ 1ರ ಬೆಳಿಗ್ಗೆ ಟ್ರಂಕಿನಿಂದ ಆ ಎರಡು ಅಂಕಪಟ್ಟಿ ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಸ್ಟ್ಯಾಂಡಿಗೆ ಹೋಗುತ್ತೇನೆ. ಸಿಕ್ಕರೆ ತೋರಿಸುತ್ತೇನೆ.