ಕಿಡ್ನಿ ಸೋತಾಗ ರಕ್ತ ಏಕೆ ಕುಗ್ಗುತ್ತದೆ?

ಕಿಡ್ನಿ ಕಾಯಿಲೆಯವರ ಹಿಮೋಗ್ಲೋಬಿನ್ ಎಂಟಕ್ಕೋ ಒಂಬತ್ತಕ್ಕೋ ಇಳಿದಿದೆ ಎಂದು ತಿಳಿದರೆ ಸಾಕು, ಮನೆಯಲ್ಲಿ ಬೀಟ್‌ರೂಟ್ ರಸ, ದಾಳಿಂಬೆ, ಖರ್ಜೂರ, ನುಗ್ಗೆಸೊಪ್ಪಿನ ಪಲ್ಯ ಶುರುವಾಗುತ್ತದೆ. ಅಕ್ಕರೆಯಿಂದಲೇ ಕೊಡುತ್ತಾರೆ. ಆದರೆ ಇವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಸೋತ ಕಿಡ್ನಿ ಅದನ್ನು ಹೊರಹಾಕಲಾರದೆ ಹೋದರೆ ಹೃದಯದ ಬಡಿತವೇ ತಪ್ಪಬಹುದು. ಅಷ್ಟಕ್ಕೂ ಇಲ್ಲಿ ರಕ್ತ ಕಡಿಮೆಯಾಗಲು ಊಟ ಮುಖ್ಯ ಕಾರಣವೇ ಅಲ್ಲ.

ಕೆಂಪು ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಎಷ್ಟು ಹುಟ್ಟಬೇಕೆಂದು ಗೊತ್ತುಮಾಡುವುದು ಮಾತ್ರ ಕಿಡ್ನಿ. ಆಮ್ಲಜನಕ ಕಡಿಮೆಯಾದದ್ದು ತಿಳಿದೊಡನೆ ಅದರ ಕೆಲವು ಕೋಶಗಳು ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಕಿಡ್ನಿ ಸೊರಗಿದಂತೆ ಈ ಹಾರ್ಮೋನು ಸಾಲದಾಗುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣಗಳು ಬೇಗನೆ ಸಾಯುತ್ತವೆ. ಸಾಲದ್ದಕ್ಕೆ ಹೆಪ್ಸಿಡಿನ್ ಎಂಬ ಇನ್ನೊಂದು ಹಾರ್ಮೋನು ಏರಿ, ದೇಹದಲ್ಲಿರುವ ಕಬ್ಬಿಣವೂ ಕಣಜಕ್ಕೆ ಬೀಗ ಹಾಕಿದಂತೆ ಕೈಗೆಟುಕದೆ ಹೋಗುತ್ತದೆ. ಕಬ್ಬಿಣದ ಮಾತ್ರೆ ನುಂಗಿದರೂ ಅನೇಕರಿಗೆ ನಾಟದಿರುವುದು ಇದರಿಂದಲೇ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಕಬ್ಬಿಣವನ್ನು ಸಾಮಾನ್ಯವಾಗಿ ರಕ್ತನಾಳದ ಮೂಲಕವೇ ಕೊಡುತ್ತಾರೆ.

ಎರಿಥ್ರೊಪೊಯೆಟಿನ್ ಮನುಷ್ಯನ ಕೈಗೆ ಸಿಕ್ಕ ಬಗೆ ಬೆರಗು ಹುಟ್ಟಿಸುವಂಥದ್ದು. ಮಜ್ಜೆ ಕೆಟ್ಟು ರಕ್ತ ಹುಟ್ಟದ ರೋಗಿಗಳ ಮೂತ್ರದಲ್ಲಿ ಅದು ಹೇರಳವಾಗಿರುತ್ತದೆ. ಜಪಾನಿನ ತಕಾಜಿ ಮಿಯಾಕೆ ಅಂಥವರ 2,550 ಲೀಟರ್ ಮೂತ್ರವನ್ನು ಕೂಡಿಸಿ ಒಣಗಿಸಿದರು. ಷಿಕಾಗೊದಲ್ಲಿ ಯೂಜೀನ್ ಗೋಲ್ಡ್‌ವಾಸರ್ ತಂಡ ಅದರಿಂದ ಶುದ್ಧ ಹಾರ್ಮೋನನ್ನು ಬೇರ್ಪಡಿಸಿ 1977ರಲ್ಲಿ ಪ್ರಕಟಿಸಿತು. ದಕ್ಕಿದ್ದು ಕೆಲವೇ ಮಿಲಿಗ್ರಾಂ. ಆ ಚಿಟಿಕೆಯಿಂದ ಅದರ ಜೀನ್ ಹುಡುಕುವ ದಾರಿ ತೆರೆಯಿತು. ಆ ಜೀನ್ ಬಳಸಿ ತಯಾರಿಸಿದ ಹಾರ್ಮೋನಿನ ಇಂಜೆಕ್ಷನ್‌ಗೆ 1989ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮೊದಲು ಡಯಾಲಿಸಿಸ್ ರೋಗಿಗಳಲ್ಲಿ ಎಷ್ಟೋ ಮಂದಿ ಮತ್ತೆ ಮತ್ತೆ ರಕ್ತ ಹಾಕಿಸಿಕೊಂಡೇ ದಿನ ದೂಡಬೇಕಿತ್ತು.

ಇಂದು ಅದು ಫ್ರಿಜ್‌ನಲ್ಲಿಡುವ ಪುಟ್ಟ ಸಿರಿಂಜು. ಹೆಪ್ಪುಗಟ್ಟಬಾರದು, ಕುಲುಕಬಾರದು; ಸಾಮಾನ್ಯವಾಗಿ ಹೊಟ್ಟೆಯ ಅಥವಾ ತೋಳಿನ ಚರ್ಮದಡಿ ಚುಚ್ಚುತ್ತಾರೆ. ರಕ್ತದೊತ್ತಡ ಏರಬಹುದಾದ್ದರಿಂದ ಅದನ್ನೂ ಆಗಾಗ ನೋಡಿಕೊಳ್ಳಬೇಕು. ಆಮ್ಲಜನಕವನ್ನು ಕೋಶಗಳು ಗ್ರಹಿಸುವ ಬಗೆ ಕಂಡುಹಿಡಿದವರಿಗೆ 2019ರ ನೊಬೆಲ್ ಬಂತು. ಅವರಲ್ಲಿ ಪೀಟರ್ ರ‍್ಯಾಟ್‌ಕ್ಲಿಫ್ ಕಿಡ್ನಿ ತಜ್ಞರೇ. ಅದೇ ತಿಳಿವಿನ ಮೇಲೆ ರೂಪುಗೊಂಡ ಮಾತ್ರೆಗಳೂ ಈಗ ಇವೆ. ಭಾರತದಲ್ಲೇ ತಯಾರಾದ ಡೆಸಿಡುಸ್ಟಾಟ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು.

ಲ್ಯಾಬ್ ವರದಿಯಲ್ಲಿ ಸಹಜ ಹಿಮೋಗ್ಲೋಬಿನ್ 13 ಎಂದಿರುವಾಗ ನಮಗೇಕೆ 11ಕ್ಕೇ ನಿಲ್ಲಿಸುತ್ತಾರೆ ಎಂದು ರೋಗಿಗಳು ಕೇಳುವುದು ಸಹಜ. 13ಕ್ಕೋ ಅದರ ಮೇಲಕ್ಕೋ ಏರಿಸಲು ಯತ್ನಿಸಿದ ದೊಡ್ಡ ಪ್ರಯೋಗಗಳ ಫಲಿತಾಂಶ 2006 ಮತ್ತು 2009ರಲ್ಲಿ ಬಂದಾಗ, ಹೃದಯಕ್ಕೆ ಲಾಭವಾಗಿರಲಿಲ್ಲ. 2009ರದರಲ್ಲಂತೂ ಪಾರ್ಶ್ವವಾಯು ಸುಮಾರು ಎರಡು ಪಟ್ಟಾಗಿತ್ತು. ಆದ್ದರಿಂದ ವೈದ್ಯರು ಹಿಡಿತ ಬಿಡುವುದಿಲ್ಲ.

ರಕ್ತ ಕುಗ್ಗಿದವರು ಸ್ನಾನ ಮುಗಿಸಿ ಬಂದು, ಬಟ್ಟೆ ಹಾಕಿಕೊಳ್ಳುವ ಮೊದಲೇ ಮಂಚದಂಚಿಗೆ ಕುಸಿದು ಕೂರುತ್ತಾರೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಬೇಸಿಗೆಯಲ್ಲೂ ತಣ್ಣಗಿನ ಬೆರಳು. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಮನೆಯವರು ಹಿಮೋಗ್ಲೋಬಿನ್ ಜೊತೆ, ದೇಹದ ಕಬ್ಬಿಣದ ಸ್ಥಿತಿ ತೋರುವ ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎಷ್ಟಿದೆ ಎಂದೂ ಕೇಳಲಿ. ಕಿಡ್ನಿ ಕಸಿಗೆ ಕಾಯುತ್ತಿರುವವರಿಗೆ ರಕ್ತ ಕೊಡುವ ಮಾತು ಬಂದರೆ, ಕಸಿಯ ವಿಚಾರವನ್ನು ತಪ್ಪದೆ ನೆನಪಿಸಬೇಕು. ಬೇರೆಯವರ ರಕ್ತದಿಂದ ದೇಹದಲ್ಲಿ ಪ್ರತಿಕಾಯಗಳು ಹುಟ್ಟಿ, ಮುಂದೆ ಹೊಂದುವ ಕಿಡ್ನಿ ಸಿಗುವುದೇ ಕಷ್ಟವಾಗಬಹುದು.