ನೋವಿಲ್ಲ, ಜ್ವರವಿಲ್ಲ, ಹೊಟ್ಟೆ ಬೊಜ್ಜಿನಿಂದ ಕ್ಯಾನ್ಸರ್ ಬರುತ್ತದಾ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಕ್ಕ ಒಬ್ಬರ ಪ್ರಶ್ನೆ: "ಮುಟ್ಟು ನಿಂತ ಮೇಲೆ ಹೊಟ್ಟೆ ಬಂದಿದೆ. ಬೇರೆ ತೊಂದರೆ ಏನೂ ಇಲ್ಲ. ಬೊಜ್ಜಿನಿಂದ ಒಳಗೆ ಉರಿಯೂತ ಆಗಿ ಕ್ಯಾನ್ಸರ್ ಬರುತ್ತದೆ ಅಂತಾರಲ್ಲ, ನಿಜವಾ?"

ಅಪಾಯ ಜಾಸ್ತಿ ಆಗುವುದು ನಿಜ ಅಕ್ಕಾ. ಹಾಗಂತ ದಪ್ಪ ಇರುವವರಿಗೆಲ್ಲ ಬರುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ 13 ಬಗೆಯ ಕ್ಯಾನ್ಸರನ್ನು ಹೆಸರಿಸಿ, ಮೈಯಲ್ಲಿ ಕೊಬ್ಬು ಹೆಚ್ಚಾಗದಂತೆ ನೋಡಿಕೊಂಡರೆ ಇವುಗಳ ಅಪಾಯ ಕಡಿಮೆ ಎಂದಿತು. ದೊಡ್ಡ ಕರುಳು, ಲಿವರ್, ಕಿಡ್ನಿ, ಮುಟ್ಟು ನಿಂತ ನಂತರದ ಸ್ತನ ಕ್ಯಾನ್ಸರ್ ಎಲ್ಲ ಆ ಪಟ್ಟಿಯಲ್ಲಿವೆ. ಬೊಜ್ಜಿನ ನಂಟು ಅತಿ ಗಟ್ಟಿಯಾಗಿ ಕಾಣುವುದು ಗರ್ಭಕೋಶದ ಒಳಪದರದ ಕ್ಯಾನ್ಸರಿನಲ್ಲಿ.

ಈಗ ಉರಿಯೂತದ ವಿಷಯ. ಕತ್ತಿ ತಾಗಿದ ಬೆರಳು ಕೆಂಪಾಗಿ ಊದಿಕೊಳ್ಳುತ್ತದೆ, ಗಾಯ ಮಾಗಿದ ಮೇಲೆ ಇಳಿಯುತ್ತದೆ. ಬೊಜ್ಜಿನಲ್ಲಿ ಅದು ಇಳಿಯುವುದೇ ಇಲ್ಲ. ಕೊಬ್ಬಿನ ಕಣಗಳು ಉಬ್ಬಿ ಉಬ್ಬಿ ಕೆಲವು ಸಾಯುತ್ತವೆ, ಅವನ್ನು ತೆಗೆಯಲು ಬಂದ ರೋಗನಿರೋಧಕ ಕಣಗಳು ಅಲ್ಲೇ ಉಳಿದು ವರ್ಷಗಟ್ಟಲೆ ರಾಸಾಯನಿಕ ಬಿಡುತ್ತಾ ಇರುತ್ತವೆ, ಹೊರಗೆ ನಮಗೆ ಒಂದು ಚೂರೂ ಗೊತ್ತಾಗುವುದಿಲ್ಲ. ಇದರಿಂದ ಕಣಗಳ ಡಿಎನ್‌ಎಗೆ ಪೆಟ್ಟು ಬೀಳಬಹುದು. ಜೊತೆಗೆ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ, ಅದು ಕಣಗಳಿಗೆ "ಬೆಳೆಯಿರಿ" ಅನ್ನುವ ಹಾರ್ಮೋನು. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾದರೂ ಕೊಬ್ಬು ಈಸ್ಟ್ರೋಜನ್ ತಯಾರಿಸುತ್ತಲೇ ಇರುತ್ತದೆ. ಸ್ತನಕ್ಕೂ ಗರ್ಭಕೋಶಕ್ಕೂ ಅಪಾಯ ಹೆಚ್ಚಲು ಇದು ದೊಡ್ಡ ಕಾರಣ.

ತೂಕ ಒಂದನ್ನೇ ನೋಡಬೇಡಿ. ಟೇಪು ಹಿಡಿದು ಸೊಂಟದ ಸುತ್ತಳತೆ ನೋಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಜಾಸ್ತಿ ಅಂತಲೇ ಲೆಕ್ಕ. ಉರಿಯೂತ ಇಳಿಸುತ್ತೇವೆ ಅಂತ ಮಾರುವ ಅರಿಶಿನದ ಮಾತ್ರೆಗೆ ದುಡ್ಡು ಹಾಕಬೇಡಿ. ಕುಚ್ಚಲಕ್ಕಿ ಅನ್ನವಾದರೂ ಬಡಿಸುವುದು ಸ್ವಲ್ಪ ಕಡಿಮೆ ಮಾಡಿ, ತರಕಾರಿ ಜಾಸ್ತಿ ಮಾಡಿ, ಚಹಾದ ಸಕ್ಕರೆ ಬಿಡಿ, ದಿನಾ ಬಿರುಸಾಗಿ ನಡೆಯಿರಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಲೇಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ "ಉಷ್ಣ ಆಗಿರಬೇಕು" ಅಂತ ಕೂರಬೇಡಿ. ಹೆಚ್ಚಿನವರಲ್ಲಿ ಅದು ಕ್ಯಾನ್ಸರ್ ಆಗಿರುವುದಿಲ್ಲ, ಆದರೆ ಆಗಿದ್ದರೆ ಬೇಗ ಸಿಕ್ಕಿದಷ್ಟೂ ವಾಸಿಯಾಗುವ ಸಾಧ್ಯತೆ ಜಾಸ್ತಿ. ಇಂಥದ್ದನ್ನೆಲ್ಲ ಡಾಕ್ಟರ ಹತ್ತಿರ ಮಲಯಾಳದಲ್ಲಿ ಹೇಳಲು ಕಷ್ಟವಾದರೆ ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಹೋಗಿ, ಇಲ್ಲವೇ ಮಂಗಳೂರಿಗೆ ಹೋಗಿ ತೋರಿಸಿ.