ಇನ್ಸುಲಿನ್ ಏರಿಸುವ ಮುನ್ನ ಬೆಕ್ಕಿನ ಬಾಯಿ ತೆರೆದು ನೋಡಿ

ಸಕ್ಕರೆ ಕಾಯಿಲೆಯ ಬೆಕ್ಕನ್ನು ಮತ್ತೆ ತೋರಿಸಲು ತರುವವರ ಪ್ರಶ್ನೆ ಬಹುತೇಕ ಒಂದೇ: "ಡಾಕ್ಟ್ರೇ, ಶುಗರ್ ಇಳೀತಾನೇ ಇಲ್ಲ. ಇನ್ಸುಲಿನ್ ಇನ್ನೊಂದು ಯುನಿಟ್ ಜಾಸ್ತಿ ಮಾಡೋಣ್ವಾ?" ನಾನು ತಿರುಗಿ ಕೇಳುವುದು ಬೇರೆಯೇ. ಊಟ ಹೇಗೆ ಮಾಡ್ತಿದೆ? ಅಗಿಯುವಾಗ ತಲೆ ಒಂದು ಕಡೆ ವಾಲಿಸುತ್ತಾ? ತೂಕ ಇಳಿದಿದೆಯಾ, ಏರಿದೆಯಾ? ಬೇರೆ ಯಾವುದಾದರೂ ಔಷಧಿ ನಡೀತಿದೆಯಾ? ಕೆಲವರಿಗೆ ಇದು ಮಾತು ತಪ್ಪಿಸಿದಂತೆ ಕಾಣುತ್ತದೆ. ಆದರೆ ಏಳೆಂಟು ವರ್ಷ ದಾಟಿದ ಬೆಕ್ಕಿನಲ್ಲಿ ಸಕ್ಕರೆ ಕಾಯಿಲೆ ಒಂಟಿಯಾಗಿ ಬರುವುದು ಕಡಿಮೆ. ಶುಗರ್ ಹಿಡಿತಕ್ಕೆ ಸಿಗದಿದ್ದರೆ ಅದನ್ನು ಮೇಲೆ ಎಳೆಯುತ್ತಿರುವ ಇನ್ನೇನೋ ಇದೆ ಎಂದೇ ನಾನು ಮೊದಲು ಅನುಮಾನಿಸುತ್ತೇನೆ.

ಬೆಕ್ಕಿಗೆ ಬರುವುದು ಹೆಚ್ಚಾಗಿ ಮನುಷ್ಯರ ಟೈಪ್ 2 ಥರದ ಮಧುಮೇಹ. ಮನೆಯೊಳಗೇ ಇರುವ, ಮೈ ಬಂದಿರುವ, ಸಂತಾನಹರಣ ಆಗಿರುವ ಗಂಡು ಬೆಕ್ಕುಗಳಲ್ಲಿ ಹೆಚ್ಚು. ಅದು ಕಾಣಿಸಿಕೊಳ್ಳುವ ವಯಸ್ಸಿನಲ್ಲೇ ಕಿಡ್ನಿ ಸೋಲಲು ಶುರುವಾಗಿರುತ್ತದೆ, ಥೈರಾಯ್ಡ್ ಗ್ರಂಥಿ ಊದಿರಬಹುದು, ಹಲ್ಲು ಕೆಟ್ಟಿರುತ್ತದೆ, ಕೀಲು ಸವೆದಿರುತ್ತದೆ. ಇನ್ನೂ ತೊಡಕಿನ ಸಂಗತಿ ಎಂದರೆ ಮಧುಮೇಹ, ಕಿಡ್ನಿ ಕಾಯಿಲೆ, ಅತಿ ಥೈರಾಯ್ಡ್ ಮೂರರ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ. ಬಟ್ಟಲು ಖಾಲಿಯಾಗುವಷ್ಟು ನೀರು ಕುಡಿಯುತ್ತದೆ, ಲಿಟರ್ ಟ್ರೇಯಲ್ಲಿ ದೊಡ್ಡ ದೊಡ್ಡ ಮುದ್ದೆಗಳು ಸಿಗುತ್ತವೆ, ಬೆನ್ನೆಲುಬು ಕೈಗೆ ತಾಗುವಷ್ಟು ಬೆಕ್ಕು ಸೊರಗುತ್ತದೆ. ಹಾಗಾಗಿ ಒಂದು ಕಾಯಿಲೆ ಪತ್ತೆಯಾಯಿತು ಎಂದು ಉಳಿದವನ್ನು ಹುಡುಕುವುದು ನಿಲ್ಲಿಸುವಂತಿಲ್ಲ.

ಬಾಯಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಎಲ್ಲರೂ ಮರೆಯುವುದು ಅದನ್ನೇ. ಹನ್ನೆರಡು ವರ್ಷದ ಒಂದು ಗಂಡು ಬೆಕ್ಕು ದಿನಕ್ಕೆರಡು ಹೊತ್ತು ಆರಾರು ಯುನಿಟ್ ತೆಗೆದುಕೊಳ್ಳುತ್ತಿತ್ತು, ಶುಗರ್ ಮಾತ್ರ 400ರಿಂದ ಕೆಳಗೆ ಬರುತ್ತಿರಲಿಲ್ಲ. ತುಟಿ ಸರಿಸಿ ನೋಡಿದರೆ ಕೆಳದವಡೆಯ ಹಲ್ಲೊಂದರ ಬುಡ ಕರಗಿ, ವಸಡಿನ ಮಾಂಸ ಅದರೊಳಗೆ ಬೆಳೆದಿತ್ತು. ಪಕ್ಕದ ಹಲ್ಲಿನ ಸುತ್ತ ಕೀವು. ದೇಹದಲ್ಲಿ ಎಲ್ಲೇ ಉರಿಯೂತ ಇರಲಿ, ಅದರಿಂದ ಹೊರಡುವ ರಾಸಾಯನಿಕಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಹಲ್ಲು ಕಿತ್ತ ಮೇಲೆ ಅದೇ ಬೆಕ್ಕಿಗೆ ಎರಡು ಯುನಿಟ್ ಸಾಕಾಯಿತು. ಇಲ್ಲೇ ಒಂದು ಅಪಾಯವೂ ಇದೆ. ಅಡ್ಡಿ ಹೋದ ಮೇಲೂ ಹಳೆಯ ಆರು ಯುನಿಟ್ ಮುಂದುವರಿಸಿದರೆ ಶುಗರ್ ಪಾತಾಳಕ್ಕೆ ಇಳಿಯುತ್ತದೆ. ಹಲ್ಲು ಕಿತ್ತ ನಂತರದ ದಿನಗಳಲ್ಲಿ ಮನೆಯಲ್ಲೇ ಶುಗರ್ ನೋಡುತ್ತಾ ಡೋಸ್ ಇಳಿಸಬೇಕಾಗುತ್ತದೆ. ಬೆಕ್ಕು ಮುದಿಯಾಯಿತು, ಅರಿವಳಿಕೆ ಬೇಡ ಎಂದು ಕೊಳೆತ ಹಲ್ಲನ್ನು ಉಳಿಸಿಕೊಳ್ಳುವುದು ನನ್ನ ಲೆಕ್ಕದಲ್ಲಿ ಹೆಚ್ಚಿನ ಅಪಾಯ.

ಮೂತ್ರದ ಸೋಂಕೂ ಇದೇ ಥರ ಸದ್ದಿಲ್ಲದೆ ಕೂತಿರುತ್ತದೆ. ಸಕ್ಕರೆ ಬೆರೆತ ತೆಳು ಮೂತ್ರ ಬ್ಯಾಕ್ಟೀರಿಯಾಗಳಿಗೆ ಅನುಕೂಲ. ಬೆಕ್ಕು ತಿಣುಕುವುದಿಲ್ಲ, ರಕ್ತ ಕಾಣುವುದಿಲ್ಲ, ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದಾಗಲೇ ತಿಳಿಯುತ್ತದೆ.

ತೂಕದ ವಿಷಯ ಕೇಳುವುದಕ್ಕೂ ಕಾರಣವಿದೆ. ಶುಗರ್ ಹಿಡಿತ ತಪ್ಪಿದ ಬೆಕ್ಕು ಸೊರಗಬೇಕು. ಬದಲಿಗೆ ತೂಕ ಏರುತ್ತಿದ್ದರೆ, ಮುಖ ಅಗಲವಾಗಿ ಪಾದ ದಪ್ಪವಾಗುತ್ತಿದ್ದರೆ, ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸುತ್ತಿರಬಹುದು. ಇದಕ್ಕೆ ಆಕ್ರೊಮೆಗಲಿ ಎನ್ನುತ್ತಾರೆ. ಇದನ್ನು ಅಪರೂಪ ಎಂದುಕೊಂಡಿದ್ದೆವು. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಮೀಕ್ಷೆಯೊಂದು ಮಧುಮೇಹಿ ಬೆಕ್ಕುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಇದು ಇರಬಹುದು ಎಂದ ಮೇಲೆ ನಮ್ಮ ಕಣ್ಣು ತೆರೆಯಿತು. ಎಲ್ಲ ಬೆಕ್ಕಿನ ಮುಖವೂ ಬದಲಾಗುವುದಿಲ್ಲ. ಹಾಗಾಗಿ ಡೋಸ್ ಏರುತ್ತಲೇ ಹೋಗುವ ಬೆಕ್ಕಿಗೆ ರಕ್ತದಲ್ಲಿ ಐಜಿಎಫ್-1 (ಬೆಳವಣಿಗೆಯ ಹಾರ್ಮೋನ್ ಹೆಚ್ಚಿದಾಗ ತಾನೂ ಏರುವ ಇನ್ನೊಂದು ಹಾರ್ಮೋನ್) ನೋಡಿಸುವುದು ಒಳ್ಳೆಯದು. ಅದೂ ಇನ್ಸುಲಿನ್ ಶುರುವಾಗಿ ಆರೆಂಟು ವಾರ ಕಳೆದ ಮೇಲೆ. ಅದಕ್ಕೂ ಮೊದಲು ಮಾಡಿಸಿದರೆ ಕಾಯಿಲೆ ಇದ್ದರೂ ಅಂಕಿ ಕಡಿಮೆ ಬರಬಹುದು, ಏಕೆಂದರೆ ಯಕೃತ್ತು ಐಜಿಎಫ್-1 ತಯಾರಿಸಲು ಇನ್ಸುಲಿನ್ ಬೇಕು.

ಥೈರಾಯ್ಡ್ ಇನ್ನೊಂದು ಆಟ ಆಡುತ್ತದೆ. ಥೈರಾಯ್ಡ್ ಹೆಚ್ಚಿದ್ದರೆ ಇನ್ಸುಲಿನ್ ನಾಟುವುದಿಲ್ಲ. ಅದರ ಜೊತೆಗೆ, ಕಳೆದ ಒಂದೆರಡು ವಾರಗಳ ಶುಗರ್ ಸರಾಸರಿ ಹೇಳುವ ಫ್ರಕ್ಟೋಸಮಿನ್ ಪರೀಕ್ಷೆಯನ್ನೂ ಅದು ಕೆಡಿಸುತ್ತದೆ: ರಕ್ತದ ಪ್ರೋಟೀನ್ ಬೇಗ ಬೇಗ ಒಡೆದು ಹೊಸದಾಗುವುದರಿಂದ ಅಂಕಿ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ತಿರುಗಾಮುರುಗಾ ಆಗುವುದೂ ಉಂಟು. ಹತೋಟಿ ಇಲ್ಲದ ಮಧುಮೇಹ ಟಿ4 ಎಂಬ ಥೈರಾಯ್ಡ್ ಹಾರ್ಮೋನಿನ ಅಂಕಿಯನ್ನು ಒತ್ತಿ ಹಿಡಿದು, ಥೈರಾಯ್ಡ್ ಕಾಯಿಲೆ ಇದ್ದರೂ ವರದಿ ನಾರ್ಮಲ್ ಎನ್ನುವಂತೆ ಮಾಡಬಲ್ಲದು. ಕತ್ತಿನಲ್ಲಿ ಗಂಟು ಸಿಕ್ಕಿ, ಹೃದಯ ಓಡುತ್ತಿದ್ದರೆ ನಾನು ಆ ವರದಿಯನ್ನು ಪೂರ್ತಿ ನಂಬದೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸುತ್ತೇನೆ. ಥೈರಾಯ್ಡ್ ಚಿಕಿತ್ಸೆ ಶುರುವಾದರೆ ಎರಡು ಸಂಗತಿಗೆ ತಯಾರಾಗಿರಬೇಕು. ಬೇಕಾದ ಇನ್ಸುಲಿನ್ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಅತಿ ಥೈರಾಯ್ಡಿನಿಂದ ಜೋರಾಗಿ ಓಡುತ್ತಿದ್ದ ರಕ್ತದ ಮರೆಯಲ್ಲಿ ಅಡಗಿದ್ದ ಕಿಡ್ನಿ ಸೋಲು ಹೊರಬೀಳಬಹುದು.

ಕಿಡ್ನಿ ಬಂತೆಂದರೆ ಊಟದ ಜಗಳವೂ ಬಂತು. ಮಧುಮೇಹಕ್ಕೆ ಬೇಕಾದ್ದು ಪ್ರೋಟೀನ್ ಹೆಚ್ಚಿರುವ, ಕಾರ್ಬೋಹೈಡ್ರೇಟ್ ತೀರಾ ಕಡಿಮೆ ಇರುವ ಆಹಾರ. ಕಿಡ್ನಿ ಆಹಾರದಲ್ಲಿ ರಂಜಕ (ಫಾಸ್ಫರಸ್) ಮತ್ತು ಪ್ರೋಟೀನ್ ಇಳಿಸಿರುತ್ತಾರೆ, ಆ ಖಾಲಿ ಜಾಗ ತುಂಬಿಸುವುದು ಕೊಬ್ಬು ಮತ್ತು ಕಾರ್ಬೋಹೈಡ್ರೇಟ್. ಎರಡನ್ನೂ ಅರ್ಧರ್ಧ ಬೆರೆಸಿ ಕೊಡೋಣ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಎರಡು ಕಾಯಿಲೆಗೂ ಅರೆಬರೆ ಉಪಚಾರ. ಕಿಡ್ನಿ ಕಾಯಿಲೆಯ ನಾಲ್ಕು ಹಂತಗಳಲ್ಲಿ ಮೊದಲ ಎರಡರಲ್ಲಿದ್ದು, ರಕ್ತದ ರಂಜಕ ಸರಿಯಿದ್ದರೆ ನಾನು ಮಧುಮೇಹದ ಆಹಾರದ ಪರ. ಬೇಕಾದರೆ ರಂಜಕ ಹಿಡಿದಿಡುವ ಪುಡಿಯನ್ನು ಊಟಕ್ಕೆ ಬೆರೆಸಬಹುದು. ಮೂರು–ನಾಲ್ಕನೇ ಹಂತದಲ್ಲಿ ರಂಜಕ ಏರುತ್ತಿದ್ದರೆ ಕಿಡ್ನಿಗೆ ಮೊದಲ ಮಣೆ. ಶುಗರನ್ನು ಇನ್ಸುಲಿನ್ ನೋಡಿಕೊಳ್ಳಲಿ. ಒಣ ಕಾಳಿಗಿಂತ ಡಬ್ಬಿಯ ಒದ್ದೆ ಆಹಾರ ಎರಡಕ್ಕೂ ಮೇಲು: ನೀರೂ ಹೋಗುತ್ತದೆ, ಕಾರ್ಬೋಹೈಡ್ರೇಟೂ ಸಾಮಾನ್ಯವಾಗಿ ಕಡಿಮೆ. ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತು: ಬೆಕ್ಕು ತಿನ್ನದ ಉತ್ತಮ ಆಹಾರಕ್ಕಿಂತ ತಿನ್ನುವ ಸಾಧಾರಣ ಆಹಾರವೇ ಲೇಸು. ಮೈ ಬಂದಿರುವ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಮತ್ತೊಂದು ದೊಡ್ಡ ಕಾಯಿಲೆ ಅಂಟಿಕೊಳ್ಳುತ್ತದೆ. ತೂಕ ಇಳಿಸುವುದಿದ್ದರೂ ವಾರಕ್ಕೆ ಒಟ್ಟು ತೂಕದ ಶೇ. 1ರ ಆಸುಪಾಸು ಸಾಕು.

ಇನ್ಸುಲಿನ್ನಿನ ಒಂದು ಪಾಲನ್ನು ದೇಹದಿಂದ ತೆಗೆದುಹಾಕುವುದೂ ಕಿಡ್ನಿಯೇ. ಅದು ಕುಂಟಿದರೆ ಔಷಧಿ ಹೆಚ್ಚು ಹೊತ್ತು ನಿಲ್ಲುತ್ತದೆ, ಜೊತೆಗೆ ಹೊಟ್ಟೆ ತೊಳಸಿ ಬೆಕ್ಕು ಇವತ್ತು ತಿಂದು ನಾಳೆ ಮುಖ ತಿರುಗಿಸುತ್ತದೆ. ಇಂಥ ಬೆಕ್ಕಿಗೆ ನಾನು ಬಿಗಿ ಹತೋಟಿಯ ಗೊಡವೆಗೆ ಹೋಗುವುದಿಲ್ಲ. ದಿನದ ಹೆಚ್ಚಿನ ಹೊತ್ತು ಶುಗರ್ 300ರ ಒಳಗಿದ್ದು, ಬೆಕ್ಕು ಮೈ ನೆಕ್ಕಿಕೊಳ್ಳುತ್ತಾ, ತೂಕ ಕಾಯ್ದುಕೊಂಡಿದ್ದರೆ ನನಗೆ ಸಮಾಧಾನ.

ಮೇದೋಜೀರಕ ಗ್ರಂಥಿಯ ಉರಿಯೂತ, ಅಂದರೆ ಪ್ಯಾಂಕ್ರಿಯಾಟೈಟಿಸ್, ಇರುವ ಬೆಕ್ಕುಗಳು ಮನೆಯವರನ್ನು ಹೆಚ್ಚು ಕಂಗೆಡಿಸುತ್ತವೆ. ಮೂರು ವಾರ ಎಲ್ಲ ಸರಿ, ನಾಲ್ಕನೇ ವಾರ ಶುಗರ್ ಏಕಾಏಕಿ ಏರುತ್ತದೆ, ಬೆಕ್ಕು ಮೂಲೆ ಸೇರುತ್ತದೆ. ನಾಯಿಯಂತೆ ವಾಂತಿ ಮಾಡಿ ಹೊಟ್ಟೆನೋವು ತೋರಿಸುವುದಿಲ್ಲ. ಸುಮ್ಮನೆ ಮಂಕಾಗುತ್ತದೆ, ಊಟ ಬಿಡುತ್ತದೆ. ಆ ದಿನಗಳಲ್ಲಿ ಬೇಕಾದ್ದು ನೋವಿಗೆ, ವಾಕರಿಕೆಗೆ ಔಷಧಿ, ಹಸಿವು ಹುಟ್ಟಿಸುವ ಮದ್ದು. ಹಸಿವಿನ ಮದ್ದಿನಲ್ಲೂ ಆಯ್ಕೆ ಇದೆ. ಮಿರ್ಟಾಜಪಿನ್ ನಡೆಯುತ್ತದೆ. ಕ್ಯಾಪ್ರೊಮೊರೆಲಿನ್ ಬೆಳವಣಿಗೆಯ ಹಾರ್ಮೋನನ್ನು ಕೆಣಕಿ ಶುಗರ್ ಏರಿಸುವುದರಿಂದ ನಾನು ದೂರ ಇಡುತ್ತೇನೆ.

ಸ್ಟೀರಾಯ್ಡ್ ಬಗ್ಗೆ ಹೇಳದಿದ್ದರೆ ಈ ಅಂಕಣಕ್ಕೆ ಅರ್ಥವಿಲ್ಲ. ಆಸ್ತಮಾ, ಕರುಳಿನ ಉರಿಯೂತ, ಬಾಯಿ ಹುಣ್ಣು, ಚರ್ಮದ ತುರಿಕೆ ಎಲ್ಲಕ್ಕೂ ಪ್ರೆಡ್ನಿಸೊಲೋನ್ ಬರೆಯುವುದು ರೂಢಿ. ಅದು ಇನ್ಸುಲಿನ್ನಿಗೆ ನೇರ ಎದುರಾಳಿ. ಒಳಗೊಳಗೇ ಇದ್ದ ಮಧುಮೇಹವನ್ನು ಹೊರಗೆಳೆಯುವುದೂ ಅದೇ. ವಾರಗಟ್ಟಲೆ ಕೆಲಸ ಮಾಡುವ ದೀರ್ಘಾವಧಿ ಸ್ಟೀರಾಯ್ಡ್ ಚುಚ್ಚುಮದ್ದು ಇನ್ನೂ ಕೆಟ್ಟದ್ದು, ಕೊಟ್ಟ ಮೇಲೆ ಹಿಂದಕ್ಕೆ ತೆಗೆಯಲಾಗದು. ಆಸ್ತಮಾ ಬೆಕ್ಕಿಗೆ ಮುಖವಾಡ ಇಟ್ಟು ಇನ್ಹೇಲರ್‌ನಿಂದ ಫ್ಲುಟಿಕಸೋನ್ ಎಂಬ ಸ್ಟೀರಾಯ್ಡ್ ಕೊಡಬಹುದು, ಶ್ವಾಸಕೋಶದಲ್ಲೇ ಹೆಚ್ಚಿನ ಕೆಲಸ ಮಾಡುತ್ತದೆ. ಬೆಕ್ಕು ಮುಖವಾಡ ಒಪ್ಪಲು ವಾರಗಳೇ ಹಿಡಿದಾವು. ಸ್ಟೀರಾಯ್ಡ್ ಬಿಟ್ಟು ಗತಿಯಿಲ್ಲ ಎನ್ನುವ ಬೆಕ್ಕೂ ಇದೆ. ಅದಕ್ಕೆ ಕೊಡುತ್ತೇವೆ, ಇನ್ಸುಲಿನ್ ಹೊಂದಿಸುತ್ತೇವೆ. ಸ್ಟೀರಾಯ್ಡ್ ಮಾತ್ರೆ ಇಳಿಸಿದ ದಿನವೇ ನನಗೆ ಫೋನ್ ಬರಬೇಕು, ಇನ್ಸುಲಿನ್ ಡೋಸ್ ಇಳಿಸಲು. ನೀವು ಬೇರೆ ವೈದ್ಯರ ಬಳಿ ಹೋದರೂ ಮೊದಲ ಮಾತು 'ಇದಕ್ಕೆ ಶುಗರ್ ಇದೆ' ಎಂದಿರಲಿ.

ಇನ್ನು ಹಿಂಗಾಲಿನ ವಿಷಯ. ಹಿಮ್ಮಡಿ ನೆಲಕ್ಕೆ ಊರಿ ನಡೆಯುವುದು ಮಧುಮೇಹದಿಂದ ನರ ಸೊರಗಿದ ಗುರುತು, ಶುಗರ್ ಹತೋಟಿಗೆ ಬಂದರೆ ತಿಂಗಳುಗಳಲ್ಲಿ ಸುಧಾರಿಸಬಹುದು. ಆದರೆ ಕತ್ತು ಕೆಳಗೆ ಬಾಗಿಸಿ, ಗಲ್ಲ ಎದೆಗೆ ತಾಗುವಂತೆ ಕೂತಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿದೆಯೇ ನೋಡಬೇಕು. ಸೋತ ಕಿಡ್ನಿ ಅದನ್ನು ಮೂತ್ರಕ್ಕೆ ಬಿಟ್ಟುಕೊಡುತ್ತದೆ, ಇನ್ಸುಲಿನ್ ಉಳಿದದ್ದನ್ನು ಜೀವಕೋಶದೊಳಕ್ಕೆ ತಳ್ಳುತ್ತದೆ. ಕೀಲುನೋವಿನ ಬೆಕ್ಕು ಎತ್ತರಕ್ಕೆ ನೆಗೆಯುವುದನ್ನೇ ಬಿಡುತ್ತದೆ. ನೋವಿಗೆ ಗ್ಯಾಬಾಪೆಂಟಿನ್ ಕೊಟ್ಟ ಸಂಜೆ ಬೆಕ್ಕು ತೂರಾಡಿದರೆ ಅದು ಮಾತ್ರೆಯ ಮಂಪರೋ ಶುಗರ್ ಇಳಿದದ್ದೋ ಕಣ್ಣಿಗೆ ತಿಳಿಯುವುದಿಲ್ಲ. ಕಿಡ್ನಿ ಸೋತಿದ್ದರೆ ಆ ಮಂಪರು ಇನ್ನೂ ಹೆಚ್ಚು. ಊಹಿಸಬೇಡಿ, ಗ್ಲುಕೋಮೀಟರ್ ತೆಗೆಯಿರಿ.

ಮನೆಯ ಗ್ಲುಕೋಮೀಟರನ್ನು ನಾನು ಆಸ್ಪತ್ರೆಯ ಅಂಕಿಗಿಂತ ಹೆಚ್ಚು ನಂಬುತ್ತೇನೆ. ಬುಟ್ಟಿಯಲ್ಲಿ ಕೂಡಿಹಾಕಿ, ನಾಯಿ ಬೊಗಳುವ ಕಡೆ ಕೂರಿಸಿದರೆ ಆರೋಗ್ಯವಂತ ಬೆಕ್ಕಿನ ಶುಗರ್ ಕೂಡ ಹೆದರಿಕೆಗೇ 300 ದಾಟಬಲ್ಲದು. ಕಿವಿಯ ಅಂಚನ್ನು ಬೆಚ್ಚಗೆ ಮಾಡಿ, ಅಲ್ಲಿ ಓಡುವ ಸಣ್ಣ ರಕ್ತನಾಳದ ಪಕ್ಕ ಚುಚ್ಚಿದರೆ ಒಂದು ಹನಿ ಸಾಕು. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಒಂದೇ ಮೀಟರ್ ಬಳಸುತ್ತಿದ್ದರೆ ಏರಿಳಿತ ತಿಳಿಯಲು ಅಡ್ಡಿಯಿಲ್ಲ. ಚರ್ಮಕ್ಕೆ ಅಂಟಿಸುವ 14 ದಿನದ ಸೆನ್ಸರ್ ಈಗ ದೊಡ್ಡ ಅನುಕೂಲ, ಬೆಕ್ಕು ಅದನ್ನು ಮೊದಲೇ ಕಿತ್ತೆಸೆಯದಿದ್ದರೆ. ಸಿರಿಂಜ್ ಮೇಲೂ ಕಣ್ಣಿರಲಿ: ಯು ಮುಂದಿನ ಅಂಕಿ ಒಂದು ಮಿಲಿಲೀಟರಿನಲ್ಲಿ ಎಷ್ಟು ಯುನಿಟ್ ಎಂದು ಹೇಳುತ್ತದೆ. ಯು-100 ಇನ್ಸುಲಿನ್ನನ್ನು ಯು-40 ಸಿರಿಂಜಿನಲ್ಲಿ ಎರಡು ಗೆರೆ ಎಳೆದರೆ ಒಳಗೆ ಹೋಗುವುದು ಐದು ಯುನಿಟ್.

2022ರ ಕೊನೆಯಲ್ಲಿ ಬೆಕ್ಸಾಗ್ಲಿಫ್ಲೋಜಿನ್, ಮರುವರ್ಷ ವೆಲಾಗ್ಲಿಫ್ಲೋಜಿನ್ ಅಮೆರಿಕದಲ್ಲಿ ಬೆಕ್ಕುಗಳಿಗಾಗಿ ಒಪ್ಪಿಗೆ ಪಡೆದ ಮೇಲೆ "ಸೂಜಿ ಬಿಟ್ಟು ಬಾಯಿಗೆ ಹಾಕೋ ಔಷಧಿ ಕೊಡಿ" ಎಂಬ ಬೇಡಿಕೆ ಹೆಚ್ಚಿದೆ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹೊಸದಾಗಿ ಮಧುಮೇಹ ಪತ್ತೆಯಾದ, ಬೇರೆಲ್ಲ ರೀತಿಯಲ್ಲಿ ಗಟ್ಟಿಮುಟ್ಟಾದ, ಚೆನ್ನಾಗಿ ತಿನ್ನುವ ಬೆಕ್ಕಿಗೆ ಒಳ್ಳೆಯ ದಾರಿ. ಇನ್ಸುಲಿನ್ ಮೇಲೆ ಇರುವ, ಪ್ಯಾಂಕ್ರಿಯಾಟೈಟಿಸ್ ಕಾಡುವ, ಕಿಡ್ನಿ ತೀರಾ ಸೋತ ಬೆಕ್ಕಿಗೆ ಅಲ್ಲ. ಈ ಔಷಧಿ ನಡೆಯುವಾಗ ಮೀಟರಿನ ಅಂಕಿ ಚೆನ್ನಾಗಿಯೇ ಇದ್ದು, ಕೊಬ್ಬು ಒಡೆದು ಹುಟ್ಟುವ ಕೀಟೋನ್ ರಕ್ತದಲ್ಲಿ ತುಂಬಿ ಪ್ರಾಣಕ್ಕೇ ಅಪಾಯ ಬರಬಹುದು. ಹಲವು ಕಾಯಿಲೆಗಳ ಬೆಕ್ಕಿಗೆ ಇನ್ಸುಲಿನ್ನೇ ನನ್ನ ಆಯ್ಕೆ.

ಮನೆಯವರಿಗೆ ನಾನು ಬರೆದುಕೊಡುವ ಚೀಟಿ ಚಿಕ್ಕದು. ಮೊದಲು ಊಟ, ಆಮೇಲೆ ಸೂಜಿ. ಬೆಕ್ಕು ತಿನ್ನದಿದ್ದರೆ ಪೂರ್ತಿ ಡೋಸ್ ಬೇಡ, ಫೋನ್ ಮಾಡಿ. ಒಂದು ಹೊತ್ತು ತಪ್ಪಿದರೆ ಬೆಕ್ಕು ತಡೆದುಕೊಳ್ಳುತ್ತದೆ, ಒಂದೇ ಹೊತ್ತಿಗೆ ಎರಡು ಸಲ ಚುಚ್ಚಿದರೆ ಸಾಯಬಹುದು. ಚುಚ್ಚಿದಿರೋ ಇಲ್ಲವೋ ಎಂಬ ಅನುಮಾನ ಬಂದರೆ ಚುಚ್ಚಬೇಡಿ. ತೂರಾಡಿದರೆ, ಕುಸಿದರೆ, ಸೆಳೆತ ಬಂದರೆ ಜೇನುತುಪ್ಪವನ್ನೋ ಗ್ಲೂಕೋಸ್ ನೀರನ್ನೋ ವಸಡಿಗೆ ಸವರಿ, ಬಾಯೊಳಗೆ ಸುರಿಯದೆ, ನೇರ ಆಸ್ಪತ್ರೆಗೆ. ವಾಂತಿ, ಊಟ ಬಿಡುವುದು, ಮಂಕು ಮೂರೂ ಒಟ್ಟಿಗೆ ಬಂದರೆ ಬೆಳಗಿನವರೆಗೆ ಕಾಯಬೇಡಿ. ಚೀಟಿಯ ಹಿಂಬದಿ ಖಾಲಿ ಬಿಟ್ಟಿರುತ್ತೇನೆ: ವಾರಕ್ಕೊಮ್ಮೆ ತೂಕ, ದಿನದ ಊಟ, ಕೊಟ್ಟ ಬೇರೆ ಮಾತ್ರೆಗಳು. ಮುಂದಿನ ಸಲ ಬಂದಾಗ ನಾನು ಮೊದಲು ತಿರುಗಿಸಿ ನೋಡುವುದು ಆ ಹಿಂಬದಿಯನ್ನು.